ಮರದಡಿಯ ನಾಲ್ವರು: ರೆಂಬ್ರಾಂಟನ ಒಂದು ಮಸಿಚಿತ್ರ ಮತ್ತು ಪ್ರಭಾವದ ಪ್ರಶ್ನೆ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಸುಮಾರು ೧೯ ಸೆಂಟಿಮೀಟರ್ ಎತ್ತರ, ೧೨ ಸೆಂಟಿಮೀಟರ್ ಅಗಲದ ಒಂದು ಸಣ್ಣ ರೇಖಾಚಿತ್ರವಿದೆ. ಜಪಾನಿನ ಕಾಗದದ ಮೇಲೆ ಕಂದು ಮಸಿಯಲ್ಲಿ ಲೇಖನಿಯಿಂದ ಬರೆದು, ನೀರು ಬೆರೆಸಿ ತೆಳುಮಾಡಿದ ಮಸಿಯನ್ನು ಕುಂಚದಿಂದ ಅಲ್ಲಲ್ಲಿ ಹಾಯಿಸಿದ ಚಿತ್ರ. ಒಂದು ಮರ; ಅದರ ಕೆಳಗೆ ಹಾಸಿನ ಮೇಲೆ ಕುಳಿತ ಗಡ್ಡದ ನಾಲ್ವರು ಹಿರಿಯರು; ಅವರ ನಡುವೆ ಕೆಲವು ಬಟ್ಟಲುಗಳು. ಇಷ್ಟೇ. ಬರೆದವನು ರೆಂಬ್ರಾಂಟ್ (೧೬೦೬-೧೬೬೯). ಕಾಲ ೧೬೫೬ರಿಂದ ೧೬೬೧ರ ನಡುವಿನದೆಂದು ವಿದ್ವಾಂಸರು ಗೊತ್ತುಪಡಿಸಿದ್ದಾರೆ. ಕುಳಿತವರು ಯೂರೋಪಿನವರಲ್ಲ. ಮೊಗಲ್ ಚಿತ್ರಶಾಲೆಯ ಒಂದು ಚಿಕಣಿ ಚಿತ್ರದಿಂದ ಎದ್ದುಬಂದು ಆಮ್‌ಸ್ಟರ್‌ಡ್ಯಾಮಿನ ಕಲಾವಿದನೊಬ್ಬನ ಕಾಗದದ ಮೇಲೆ ಮತ್ತೆ ಕುಳಿತ ಮುಸ್ಲಿಂ ಶೇಖರು ಅವರು.

ಈ ಚಿತ್ರ ಮತ್ತು ಇದರ ಜೊತೆಯ ಚಿತ್ರಗಳ ಬಗ್ಗೆ ಎರಡು ಬಗೆಯ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಒಂದು ಹೆಮ್ಮೆಯ ಮಾತು: ಯೂರೋಪಿನ ಅಷ್ಟು ದೊಡ್ಡ ಕಲಾವಿದನೂ ನಮ್ಮ ಚಿತ್ರಕಾರರಿಂದ ಕಲಿತ; ಪ್ರಭಾವವೆಂಬುದು ಪಶ್ಚಿಮದಿಂದ ಪೂರ್ವಕ್ಕೆ ಮಾತ್ರ ಹರಿಯುವ ನೀರಲ್ಲವೆಂಬುದಕ್ಕೆ ಇದೇ ಸಾಕ್ಷಿ. ಇನ್ನೊಂದು ಸಂಶಯದ ಮಾತು: ಕಂಪನಿಯ ಹಡಗುಗಳಲ್ಲಿ ಮೆಣಸು, ನೀಲಿ, ಬಟ್ಟೆಗಳ ಜೊತೆಯಲ್ಲಿ ಬಂದಿಳಿದ ಚಿತ್ರಗಳಿವು, ಇವುಗಳನ್ನು ನಕಲು ಮಾಡಿದ್ದು ವ್ಯಾಪಾರಿ ನಗರವೊಂದರ ಕುತೂಹಲದ ಮುಂದುವರಿಕೆ ಮಾತ್ರ. ಎಡ್ವರ್ಡ್ ಸೈದ್ ೧೯೭೮ರಲ್ಲಿ ಪ್ರಾಚ್ಯವಾದದ ಚರ್ಚೆಯನ್ನು ತೆರೆದ ಮೇಲೆ ಈ ಎರಡನೆಯ ಮಾತಿಗೆ ಸಿದ್ಧ ಪರಿಭಾಷೆಯೂ ದೊರಕಿದೆ. ಎರಡೂ ಅವಸರದ ಮಾತುಗಳೆಂದು ನನ್ನ ಅಭಿಪ್ರಾಯ. ಎರಡೂ ಚಿತ್ರವನ್ನು ನೋಡುವುದಕ್ಕೆ ಮೊದಲೇ ತೀರ್ಪನ್ನು ಬರೆದಿಟ್ಟುಕೊಂಡಿರುತ್ತವೆ.

ಕನ್ನಡ ವಿಭಾಗದ ಸಂಪುಟವೊಂದರಲ್ಲಿ ಡಚ್ ಕಲಾವಿದನ ಚರ್ಚೆ ಏಕೆಂದು ಕೆಲವರು ಕೇಳಬಹುದು. ಕರ್ನಾಟಕದ ಹೊರಗಿನ ಕನ್ನಡ ವಿಭಾಗಗಳಿಗೆ ತೌಲನಿಕ ಅಧ್ಯಯನ ಒಂದು ಅಲಂಕಾರವಲ್ಲ, ನಿತ್ಯದ ಅನ್ನ. ಮರಾಠಿಯ ನೆರೆಯಲ್ಲಿ, ತಮಿಳಿನ ನೆರೆಯಲ್ಲಿ, ತೆಲುಗು ಉರ್ದುಗಳ ನೆರೆಯಲ್ಲಿ ಕುಳಿತು ಕನ್ನಡವನ್ನು ಓದುವವರು ನಾವು. ನಮ್ಮ ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳಲ್ಲಿ ‘ಪ್ರಭಾವ’ ಎಂಬ ಪದ ಎಷ್ಟು ಬಾರಿ ಬರುತ್ತದೆಂದು ಲೆಕ್ಕವಿಟ್ಟವರಿಲ್ಲ. ಯಾರಿಂದ ಯಾರಿಗೆ ಏನು ಬಂತು ಎಂಬ ಪಟ್ಟಿಯನ್ನು ಮಾಡಿ ಮುಗಿಸಿದರೆ ಅಧ್ಯಯನ ಮುಗಿಯಿತೆಂದು ಅವರು ತಿಳಿಯುತ್ತಾರೆ. ಮಾರ್ಗದರ್ಶಕರೂ ಹಲವೊಮ್ಮೆ ಹಾಗೆಯೇ ತಿಳಿಯುತ್ತಾರೆ. ಈ ರೂಢಿಯನ್ನು ಪರೀಕ್ಷೆಗೆ ಒಡ್ಡಲು ಮರದಡಿಯ ಈ ನಾಲ್ವರಿಗಿಂತ ತಕ್ಕ ಸಾಕ್ಷಿಗಳು ನನಗೆ ಕಂಡಿಲ್ಲ.

ಮೊದಲು ಚಿತ್ರ ಹುಟ್ಟಿದ ಕಾಲವನ್ನು ಗಮನಿಸಬೇಕು. ೧೬೫೬ ರೆಂಬ್ರಾಂಟನ ಬಾಳಿನ ಕೆಟ್ಟ ವರ್ಷ. ಲೈಡನ್ನಿನ ಗಿರಣಿಗಾರನ ಮಗನಾಗಿ ಹುಟ್ಟಿ, ಆಮ್‌ಸ್ಟರ್‌ಡ್ಯಾಮಿಗೆ ಬಂದು, ಶ್ರೀಮಂತರ ಭಾವಚಿತ್ರಗಳನ್ನು ಬರೆದು ಹೆಸರನ್ನೂ ಹಣವನ್ನೂ ಗಳಿಸಿದ ಈತ ೧೬೩೯ರಲ್ಲಿ ೧೩,೦೦೦ ಗಿಲ್ಡರುಗಳಿಗೆ ದೊಡ್ಡ ಮನೆಯೊಂದನ್ನು ಕೊಂಡಿದ್ದ. ಸಾಲ ತೀರಲಿಲ್ಲ. ಹೆಂಡತಿ ಸಾಸ್ಕಿಯಾ ೧೬೪೨ರಲ್ಲಿ ತೀರಿಕೊಂಡಳು. ಮುಂದೆ ಅವನ ಜೊತೆಯಲ್ಲಿ ಬಾಳಿದ ಹೆಂಡ್ರಿಕ್ಯೆ ಸ್ಟೊಫೆಲ್ಸ್ ಎಂಬಾಕೆಯನ್ನು, ಮದುವೆಯಿಲ್ಲದೆ ಕೂಡಿದ್ದಾಳೆಂಬ ಕಾರಣಕ್ಕೆ, ಚರ್ಚಿನ ಸಭೆ ೧೬೫೪ರಲ್ಲಿ ಕರೆಸಿ ಪವಿತ್ರ ಭೋಜನದಿಂದ ದೂರವಿರಿಸಿತು. ೧೬೫೬ರ ಜುಲೈಯಲ್ಲಿ ರೆಂಬ್ರಾಂಟ್ ತನ್ನ ಆಸ್ತಿಯನ್ನು ಸಾಲಗಾರರಿಗೆ ಬಿಟ್ಟುಕೊಡುವ ಅರ್ಜಿ ಹಾಕಿದ. ಅಧಿಕಾರಿಗಳು ಮನೆಯ ಕೋಣೆಕೋಣೆಗೂ ಹೋಗಿ ೩೬೩ ಬಾಬುಗಳ ಒಂದು ಪಟ್ಟಿ ಮಾಡಿದರು. ಕಲೆಯ ಚರಿತ್ರೆಗೆ ಅಮೂಲ್ಯವಾದ ದಾಖಲೆ ಅದು. ಮನೆಯವರ ಪಾಲಿಗೆ ಏನಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಆ ಪಟ್ಟಿಯಲ್ಲಿ ಕುತೂಹಲಕರವಾದ ಚಿಕಣಿ ಚಿತ್ರಗಳೂ ನಾನಾ ಉಡುಪುಗಳ ಅಚ್ಚುಚಿತ್ರಗಳೂ ಇದ್ದ ಒಂದು ಪುಸ್ತಕದ ಉಲ್ಲೇಖವಿದೆ. ಮೊಗಲ್ ಚಿತ್ರಗಳು ಇದ್ದದ್ದು ಆ ಪುಸ್ತಕದಲ್ಲೇ ಎಂದು ಹಲವು ವಿದ್ವಾಂಸರ ಊಹೆ. ಊಹೆ ನಿಜವಾದರೆ, ಕೈಬಿಟ್ಟುಹೋಗುತ್ತಿದ್ದ ಪುಸ್ತಕವೊಂದನ್ನು ಒಡೆಯನೇ ಕುಳಿತು ನಕಲು ಮಾಡಿಕೊಂಡನೆಂದಾಗುತ್ತದೆ. ಈ ಕಥೆಯ ಮೋಹಕ್ಕೆ ಒಳಗಾಗುವುದು ಸುಲಭ. ನಾನು ಅದನ್ನು ಆಧಾರವಾಗಿ ಇಟ್ಟುಕೊಳ್ಳುವುದಿಲ್ಲ; ಚಿತ್ರವೇ ಹೇಳುವ ಮಾತುಗಳು ಬೇಕಾದಷ್ಟಿವೆ.

ಇಂಥ ಚಿತ್ರ ಒಂದಲ್ಲ. ಇಂಗ್ಲೆಂಡಿನ ಚಿತ್ರಕಾರನೂ ಸಂಗ್ರಾಹಕನೂ ಆಗಿದ್ದ ಜೋನಾಥನ್ ರಿಚರ್ಡ್‌ಸನ್ನನ ಸಂಗ್ರಹ ೧೭೪೭ರಲ್ಲಿ ಹರಾಜಾದಾಗ ಅದರಲ್ಲಿ ರೆಂಬ್ರಾಂಟನ ‘ಇಂಡಿಯನ್ ಚಿತ್ರ’ಗಳ ಒಂದು ಕಟ್ಟು ಇತ್ತು, ಸಂಖ್ಯೆ ೨೫. ಇಂದು ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳು ಬೇರೆ ಬೇರೆ ಸಂಗ್ರಹಾಲಯಗಳಲ್ಲಿ ಉಳಿದಿವೆ. ಷಾಜಹಾನನೂ ದಾರಾ ಶುಕೋಹನೂ ಕೂಡಿರುವ ಚಿತ್ರ ಲಾಸ್ ಏಂಜಲಿಸಿನ ಗೆಟ್ಟಿ ಮ್ಯೂಸಿಯಮ್ಮಿನಲ್ಲಿದೆ. ಅಲ್ಲಿಯೇ ೨೦೧೮ರಲ್ಲಿ ಈ ಚಿತ್ರಗಳಲ್ಲಿ ಬಹುಪಾಲನ್ನು ಅವುಗಳ ಮೊಗಲ್ ಬಂಧುಗಳ ಪಕ್ಕದಲ್ಲಿರಿಸಿ ಒಂದು ಪ್ರದರ್ಶನ ನಡೆಯಿತು. ರೆಂಬ್ರಾಂಟ್ ತಂದೆಮಕ್ಕಳ ಆ ಚಿತ್ರವನ್ನು ಬರೆಯುತ್ತಿದ್ದ ವರ್ಷಗಳಲ್ಲೇ ಇತ್ತ ಮಕ್ಕಳ ನಡುವೆ ಸಿಂಹಾಸನಕ್ಕಾಗಿ ಯುದ್ಧ ನಡೆದು, ೧೬೫೯ರಲ್ಲಿ ದಾರಾ ಕೊಲೆಯಾದ. ಚಿತ್ರ ಮಾತ್ರ ಅದಾವುದನ್ನೂ ಅರಿಯದೆ ಸುಮ್ಮನಿದೆ.

ಕಾಗದದ ವಿಷಯ ಸಣ್ಣದೆನಿಸಬಹುದು, ಹಾಗಲ್ಲ. ೧೬೦೨ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸೂರತ್ತಿನಲ್ಲಿ ಕೋಠಿ ಇತ್ತು, ಕೊಂಕಣದ ವೆಂಗುರ್ಲೆಯಲ್ಲಿತ್ತು, ನಮ್ಮ ಕರಾವಳಿಯ ಬಸರೂರಿನ ಅಕ್ಕಿಯ ವ್ಯಾಪಾರದಲ್ಲೂ ಅದು ಕೈಹಾಕಿತ್ತು. ಜಪಾನಿನೊಡನೆ ವ್ಯಾಪಾರ ಮಾಡಲು ಯೂರೋಪಿನವರಲ್ಲಿ ಅದೊಂದಕ್ಕೇ ಅನುಮತಿಯಿದ್ದ ಕಾಲ. ಹೀಗೆ ಜಪಾನಿನ ಕಾಗದ, ಹಿಂದುಸ್ತಾನದ ಚಿತ್ರ, ಡಚ್ಚರ ಲೇಖನಿ ಮೂರೂ ಒಂದೇ ಮೇಜಿನ ಮೇಲೆ ಬಂದು ಕೂಡಿದವು. ಯೂರೋಪಿನ ಕಾಗದ ಮಸಿಯನ್ನು ಹೀರಿಕೊಳ್ಳುವ ಬಗೆ ಬೇರೆ. ಜಪಾನಿನ ಕಾಗದದ ಮೇಲ್ಮೈ ನುಣುಪು, ಬಣ್ಣ ಬೆಚ್ಚಗಿನ ಹಳದಿ. ಮೊಗಲ್ ಚಿತ್ರಕಾರನೂ ತನ್ನ ಕಾಗದವನ್ನು ನುಣ್ಣನೆಯ ಕಲ್ಲಿನಿಂದ ಉಜ್ಜಿ ಹೊಳಪಿಸಿಕೊಳ್ಳುತ್ತಿದ್ದ. ಮೂಲದ ಆ ಹೊಳಪಿಗೆ ಹತ್ತಿರವಾದ ಹಾಳೆಯನ್ನು ರೆಂಬ್ರಾಂಟ್ ಆರಿಸಿಕೊಂಡನೆಂದೇ ನನಗೆ ತೋರುತ್ತದೆ. ಕುತೂಹಲಕ್ಕಾಗಿ ಗೀಚಿಕೊಂಡವನು ಕಾಗದದ ಬಗ್ಗೆ ಇಷ್ಟು ಯೋಚಿಸುವುದಿಲ್ಲ.

ಇನ್ನು ಮಸಿ. ಕನ್ನಡದಲ್ಲಿ ಈ ಪದಕ್ಕೆ ಎರಡು ಅರ್ಥ: ಒಲೆಯ ಮೇಲಿನ ಪಾತ್ರೆಗೆ ಹತ್ತುವುದೂ ಮಸಿ, ಬರೆಯುವುದೂ ಮಸಿ. ಯೂರೋಪಿನ ಆ ಕಾಲದ ಕಂದು ಮಸಿಯಲ್ಲೂ ಈ ಎರಡು ಮನೆತನಗಳಿವೆ. ಸೌದೆಯ ಹೊಗೆಯಿಂದ ಕೂಡಿದ ಕಿಟ್ಟವನ್ನು ನೀರಿನಲ್ಲಿ ಕರಗಿಸಿ ಮಾಡುತ್ತಿದ್ದುದು ಒಂದು. ಓಕ್ ಮರದ ಗಂಟುಕಾಯಿಯ ಒಗರಿಗೆ ಕಬ್ಬಿಣದ ಲವಣವನ್ನು ಬೆರೆಸಿ ಮಾಡುತ್ತಿದ್ದುದು ಇನ್ನೊಂದು. ಎರಡನೆಯದು ಬರೆಯುವಾಗ ಕಪ್ಪು, ಕಾಲ ಕಳೆದಂತೆ ಕಂದು. ನಾವು ಇಂದು ಮೆಚ್ಚಿ ನೋಡುವ ಎಷ್ಟೋ ಚಿತ್ರಗಳ ಬೆಚ್ಚನೆಯ ಬಣ್ಣ ಕಲಾವಿದ ಕಂಡದ್ದಲ್ಲ, ಕಾಲ ಕೊಟ್ಟದ್ದು. ತೆಳುಮಸಿಯನ್ನು ಹಾಯಿಸುವ ಕ್ರಮಕ್ಕೆ ನಮ್ಮ ಚಿತ್ರಕಲಾ ಶಾಲೆಗಳಲ್ಲಿ ‘ವಾಶ್’ ಎಂಬ ಪದವೇ ರೂಢಿಯಲ್ಲಿದೆ. ಆದರೆ ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ‘ವಾಶ್’ ಬೇರೆಯದು. ಅದು ಜಪಾನಿನ ಕಲಾವಿದರ ಸಂಗದಿಂದ ಬಂಗಾಳದಲ್ಲಿ ಬೆಳೆದ ಬಣ್ಣದ ಕ್ರಮ. ಹಾಳೆಯನ್ನು ಮತ್ತೆ ಮತ್ತೆ ನೀರಿನಲ್ಲಿ ತೋಯಿಸಿ ಬಣ್ಣವನ್ನು ಮಂಜಿನಂತೆ ಹರಡುವುದು. ರೆಂಬ್ರಾಂಟನ ತೆಳುಮಸಿ ಮಂಜನ್ನು ಮಾಡುವುದಿಲ್ಲ, ನೆರಳನ್ನು ಮಾಡುತ್ತದೆ. ಕಾಗದವನ್ನು ಮುಟ್ಟದೆ ಬಿಟ್ಟ ಕಡೆ ಬೆಳಕು, ಕುಂಚ ಹಾಯ್ದ ಕಡೆ ನೆರಳು. ಬಣ್ಣವೆಂಬುದೇ ಇಲ್ಲ. ಬರೋಕ್ ಯುಗದ ಕಲೆ ಬೆಳಕು ಕತ್ತಲೆಗಳ ನಾಟಕವೆಂದು ಪಠ್ಯಪುಸ್ತಕಗಳು ಹೇಳುತ್ತವೆ; ಆ ನಾಟಕವನ್ನು ಆಳೆತ್ತರದ ತೈಲಚಿತ್ರಗಳಲ್ಲಿ ಹುಡುಕುವವರು ಇಂಥ ಅಂಗೈಯಗಲದ ಹಾಳೆಯ ಮೇಲೆ ಎರಡು ಸಲ ಕುಂಚವನ್ನು ಎಳೆದುದರಲ್ಲಿಯೇ ಅದು ಮುಗಿದಿರುವುದನ್ನು ನೋಡಬೇಕು.

ಈಗ ಮೂಲವನ್ನು ನೆನೆಯೋಣ. ಮೊಗಲ್ ಚಿಕಣಿ ಚಿತ್ರದಲ್ಲಿ ಬಣ್ಣ ದಟ್ಟ, ಚಿನ್ನವುಂಟು; ಬೆಳಕು ಎಲ್ಲ ಕಡೆಗೂ ಸಮಾನ. ಮನುಷ್ಯನ ನೆರಳು ನೆಲದ ಮೇಲೆ ಬೀಳುವುದು ವಿರಳ. ಬಟ್ಟೆಯ ನೇಯ್ಗೆಗೂ ಮುಖಕ್ಕೂ ಎಲೆಗೂ ಒಂದೇ ಪ್ರಮಾಣದ ಶ್ರದ್ಧೆ ಸಲ್ಲುತ್ತದೆ. ರೆಂಬ್ರಾಂಟ್ ಇದರಲ್ಲಿ ಬಹಳಷ್ಟನ್ನು ಬಿಟ್ಟ. ಬಣ್ಣವನ್ನು ಬಿಟ್ಟ, ಚಿನ್ನವನ್ನು ಬಿಟ್ಟ, ಸಮಾನವಾದ ಬೆಳಕನ್ನು ಬಿಟ್ಟ. ಉಳಿಸಿಕೊಂಡದ್ದು ಕುಳಿತ ಭಂಗಿಯನ್ನು, ಪರಸ್ಪರ ವಾಲಿದ ತಲೆಗಳನ್ನು, ಮಾತು ಮತ್ತು ಮೌನಗಳ ನಡುವಿನ ಒಂದು ಗಳಿಗೆಯನ್ನು. ಗಮನಿಸಬೇಕಾದ ಇನ್ನೊಂದು ಅಂಶ: ಆ ವರ್ಷಗಳಲ್ಲಿ ರೆಂಬ್ರಾಂಟ್ ಬೇರೆ ಚಿತ್ರಗಳಲ್ಲಿ ಜೊಂಡಿನ ಲೇಖನಿ ಹಿಡಿದು ದಪ್ಪ, ಒರಟು, ಮೊಂಡು ಗೆರೆಗಳನ್ನು ಎಳೆಯುತ್ತಿದ್ದ. ಭಾರತೀಯ ಚಿತ್ರಗಳ ನಕಲುಗಳಲ್ಲಿ ಮಾತ್ರ ಗೆರೆ ಸಣ್ಣದಾಗುತ್ತದೆ, ಎಚ್ಚರದಿಂದ ನಡೆಯುತ್ತದೆ. ಕೈ ತನ್ನ ಅಭ್ಯಾಸವನ್ನು ಪಕ್ಕಕ್ಕಿಟ್ಟು ಇನ್ನೊಂದು ಕೈಯ ನಡೆಯನ್ನು ಅನುಸರಿಸಿದೆ. ಐವತ್ತು ವರ್ಷ ದಾಟಿದ, ಹೆಸರುವಾಸಿಯಾದ, ತನ್ನದೇ ಶೈಲಿಯ ಶಿಖರದಲ್ಲಿದ್ದ ಕಲಾವಿದನೊಬ್ಬ ಹೀಗೆ ಮಾಡಿದನೆಂಬುದು ನನಗೆ ಈ ಚಿತ್ರಗಳಲ್ಲಿ ಅತ್ಯಂತ ಮುಖ್ಯವಾದ ಸಂಗತಿ. ಇದನ್ನು ‘ಪ್ರಭಾವ’ ಎಂದು ಕರೆದರೆ ಕ್ರಿಯೆ ಯಾರದೆಂಬುದೇ ಮರೆಯಾಗುತ್ತದೆ. ಪ್ರಭಾವ ಎಂಬ ಪದದಲ್ಲಿ ಪಡೆಯುವವನು ಸುಮ್ಮನೆ ಕುಳಿತಿರುತ್ತಾನೆ. ಬಿಸಿಲು ಬಿದ್ದಂತೆ ಅದು ಅವನ ಮೇಲೆ ಬೀಳುತ್ತದೆ. ಇಲ್ಲಿ ನಡೆದದ್ದು ಓದು. ಒಂದು ಹಾಳೆಯನ್ನು ಎದುರಿಗಿಟ್ಟುಕೊಂಡು ಗೆರೆಗೆರೆಯನ್ನೂ ಕೈಯಿಂದ ಓದುವ ಕೆಲಸ.

ಓದಿದ ಮೇಲೆ ಏನು ಮಾಡಿದನೆಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ತಾಮ್ರದ ಹಲಗೆಯ ಮೇಲಿದೆ. ‘ದೇವದೂತರನ್ನು ಸತ್ಕರಿಸುವ ಅಬ್ರಹಾಮ’ ಎಂಬ ಅವನ ಎಚ್ಚಿಂಗ್ ಅಚ್ಚುಚಿತ್ರದಲ್ಲಿ ಸಹಿಯೂ ೧೬೫೬ ಎಂಬ ವರ್ಷವೂ ಇವೆ. ಬೈಬಲಿನ ಆದಿಕಾಂಡದ ೧೮ನೆಯ ಅಧ್ಯಾಯದ ಕಥೆ ನಮ್ಮ ಓದುಗರಲ್ಲಿ ಹಲವರಿಗೆ ತಿಳಿದದ್ದೇ. ಮಮ್ರೆಯ ಮರಗಳ ಬಳಿ, ಹಗಲಿನ ಬಿಸಿಲೇರಿದ ಹೊತ್ತಿನಲ್ಲಿ, ಗುಡಾರದ ಬಾಗಿಲಲ್ಲಿ ಕುಳಿತ ಅಬ್ರಹಾಮನೆದುರು ಮೂವರು ನಿಲ್ಲುತ್ತಾರೆ. ಅವನು ಓಡಿಹೋಗಿ ನಮಸ್ಕರಿಸಿ, ಕಾಲಿಗೆ ನೀರು ಕೊಟ್ಟು, ಮರದ ಕೆಳಗೆ ದಣಿವಾರಿಸಿಕೊಳ್ಳಿರೆಂದು ಬೇಡಿ, ರೊಟ್ಟಿ, ಎಳೆಗರುವಿನ ಮಾಂಸ, ಬೆಣ್ಣೆ, ಹಾಲುಗಳನ್ನು ಬಡಿಸುತ್ತಾನೆ. ಮುದುಕಿಯಾದ ಸಾರಾಳಿಗೆ ಮಗ ಹುಟ್ಟುವನೆಂದು ಅತಿಥಿ ನುಡಿಯುತ್ತಾನೆ. ಬಾಗಿಲ ಹಿಂದೆ ಕೇಳುತ್ತಿದ್ದ ಸಾರಾ ತನ್ನೊಳಗೇ ನಗುತ್ತಾಳೆ. ಬಂದವರು ಯಾರು? ದೇವದೂತರೇ, ದೇವರೇ? ಪಠ್ಯ ಈ ಪ್ರಶ್ನೆಯನ್ನು ಬಿಡಿಸಿ ಹೇಳುವುದಿಲ್ಲ. ಶತಮಾನಗಳ ಕಾಲ ವ್ಯಾಖ್ಯಾನಕಾರರು ಈ ಬಿಡಿಸದ ಗಂಟನ್ನೇ ಹಿಡಿದು ಬರೆದರು.

ರೆಂಬ್ರಾಂಟ್ ಈ ಕಥೆಗೆ ಹೊಸಬನಲ್ಲ. ೧೬೪೬ರಲ್ಲಿಯೇ, ಹತ್ತು ವರ್ಷಗಳ ಹಿಂದೆ, ಒಂದು ಪುಟ್ಟ ಹಲಗೆಯ ಮೇಲೆ ಇದನ್ನು ತೈಲವರ್ಣದಲ್ಲಿ ಬರೆದಿದ್ದ. ಅಲ್ಲಿಯೂ ಅತಿಥಿಗಳು ಮನೆಯ ಹೊರಗೆ, ಬಾಗಿಲಿನ ಸಮೀಪ ಇದ್ದಾರೆ. ಆದರೆ ಆ ಚಿತ್ರದಲ್ಲಿ ದೇವರನ್ನು ಗುರುತಿಸುವುದು ಬೆಳಕಿನಿಂದ: ರೆಕ್ಕೆಯುಳ್ಳ ಯುವಕನೊಬ್ಬನ ಮೈಯಿಂದಲೇ ಪ್ರಭೆ ಹೊಮ್ಮುತ್ತದೆ. ೧೬೫೬ರ ಅಚ್ಚುಚಿತ್ರದಲ್ಲಿ ದೇವರಿಗೆ ವಯಸ್ಸಾಗಿದೆ. ನೆರೆತ ಗಡ್ಡದ ಮುದುಕನೊಬ್ಬ ನೆಲದ ಹಾಸಿನ ಮೇಲೆ ಕುಳಿತು ಕೈಯಲ್ಲಿ ಬಟ್ಟಲು ಹಿಡಿದಿದ್ದಾನೆ. ಅವನ ಪಕ್ಕದ ಇಬ್ಬರಿಗೆ ರೆಕ್ಕೆಗಳಿವೆ, ಅವನಿಗೆ ಇಲ್ಲ. ಅಬ್ರಹಾಮ ಒಂದು ಮೂಲೆಯಲ್ಲಿ, ಎಲ್ಲರಿಗಿಂತ ತಗ್ಗಿನಲ್ಲಿ, ಹೂಜಿ ಹಿಡಿದು ಬಾಗಿದ್ದಾನೆ. ಬಾಗಿಲ ಸಂದಿಯಲ್ಲಿ ಸಾರಾಳ ಮುಖ. ಇತ್ತ ಯಾವುದರ ಪರಿವೆಯೂ ಇಲ್ಲದೆ ನಮಗೆ ಬೆನ್ನು ಮಾಡಿ ಬಿಲ್ಲು ಹೂಡುತ್ತಿರುವ ಹುಡುಗ, ಇಷ್ಮಾಯೇಲ.

ಈ ಮುದುಕ ಎಲ್ಲಿಂದ ಬಂದ? ಮರದಡಿಯ ನಾಲ್ವರನ್ನು ನೋಡಿದವರಿಗೆ ಸಂದೇಹವುಳಿಯುವುದಿಲ್ಲ. ಹಾಸು, ಬಟ್ಟಲುಗಳು, ವೃತ್ತಾಕಾರದಲ್ಲಿ ನೆಲದ ಮೇಲೆ ಕುಳಿತ ಹಿರಿಯರು, ಅವರ ಉಡುಪಿನ ಭಾರ: ಎಲ್ಲವೂ ಆ ಹಾಳೆಯಿಂದ ಈ ಹಲಗೆಗೆ ನಡೆದುಬಂದಿವೆ. ಇದನ್ನು ಬಹುಕಾಲದಿಂದ ವಿದ್ವಾಂಸರು ಒಪ್ಪಿದ್ದಾರೆ; ಜರ್ಮನಿಯ ಫ್ರೀಡ್‌ರಿಶ್ ಸಾರೆ ಈ ಚಿತ್ರಗಳ ಭಾರತೀಯ ಮೂಲಗಳ ಚರ್ಚೆಯನ್ನು ೧೯೦೪ರಷ್ಟು ಹಿಂದೆಯೇ ಎತ್ತಿಕೊಂಡಿದ್ದ. ಆದರೆ ಸಾದೃಶ್ಯವನ್ನು ತೋರಿಸಿ ನಿಲ್ಲುವ ವಿದ್ವತ್ತು ಅರ್ಧ ದಾರಿಯಲ್ಲಿ ನಿಂತಂತೆ. ನಾಲ್ವರು ಸಮಾನರು ಕುಳಿತ ವೃತ್ತವೊಂದನ್ನು ತೆಗೆದುಕೊಂಡು ಅದರಿಂದ ಒಬ್ಬನನ್ನು ಎಬ್ಬಿಸಿ, ಬಾಗಿಸಿ, ಕೈಗೆ ಹೂಜಿ ಕೊಟ್ಟು ಆತಿಥೇಯನನ್ನಾಗಿ ಮಾಡಿದವನು ರೆಂಬ್ರಾಂಟ್. ಶೇಖರ ಸಭೆಯಲ್ಲಿ ಇಲ್ಲದಿದ್ದ ಮೇಲುಕೀಳು ಇಲ್ಲಿ ಬಂತು. ಆ ಮೇಲುಕೀಳಿನ ಅರ್ಥವನ್ನೂ ಅವನು ತಿರುಗಿಸಿದ: ಮನೆಯೊಡೆಯ ತಗ್ಗಿನಲ್ಲಿದ್ದಾನೆ, ದಾರಿಹೋಕ ಎತ್ತರದಲ್ಲಿದ್ದಾನೆ.

ಇಲ್ಲಿ ಧರ್ಮದ ಮಾತನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಆಮ್‌ಸ್ಟರ್‌ಡ್ಯಾಮ್ ೧೫೭೮ರಿಂದ ಪ್ರಾಟೆಸ್ಟಂಟರ ಆಡಳಿತಕ್ಕೆ ಬಂದ ನಗರ. ಅಲ್ಲಿನ ಚರ್ಚುಗಳ ಗೋಡೆಗಳಿಂದ ಚಿತ್ರಗಳನ್ನು ತೆಗೆದು ಸುಣ್ಣ ಬಳಿದಿದ್ದರು. ರೋಮಿನಲ್ಲಿ, ಆಂಟ್ವರ್ಪಿನಲ್ಲಿ ಬರೋಕ್ ಧಾರ್ಮಿಕ ಚಿತ್ರ ದೇಗುಲದ ವೇದಿಕೆಯ ಮೇಲೆ, ಧೂಪದ ನಡುವೆ, ಜನಸ್ತೋಮದ ಎದುರು ನಿಂತಿದ್ದರೆ, ಆಮ್‌ಸ್ಟರ್‌ಡ್ಯಾಮಿನಲ್ಲಿ ಅದು ಮನೆಯೊಳಗೆ ಸೇರಿತು. ಮೇಜಿನ ಮೇಲೆ, ಕಟ್ಟಿನೊಳಗೆ, ಒಬ್ಬ ನೋಡುಗನ ಕೈಯಲ್ಲಿ. ಮಸಿಯ ಸಣ್ಣ ಚಿತ್ರಕ್ಕೂ ಅಚ್ಚುಚಿತ್ರಕ್ಕೂ ಅಲ್ಲಿ ದೊರೆತ ಮಹತ್ವಕ್ಕೆ ಇದು ಒಂದು ಕಾರಣ. ಪೂಜೆಗೆ ಸಲ್ಲದ ಚಿತ್ರ ಓದಿಗೆ ಸಲ್ಲುತ್ತದೆ. ದೇವರಿಗೆ ರೂಪವನ್ನು ಕೊಡುವುದೇ ವಿವಾದವಾಗಿದ್ದ ಸಮಾಜದಲ್ಲಿ ರೆಂಬ್ರಾಂಟ್ ದೇವರನ್ನು ಒಬ್ಬ ಮುಸ್ಲಿಂ ಹಿರಿಯನ ಕುಳಿತ ಭಂಗಿಯಲ್ಲಿ ಬರೆದ. ಕುರಾನಿನಲ್ಲೂ ಇಬ್ರಾಹಿಮನ ಅತಿಥಿಗಳ ಕಥೆಯಿದೆ. ಅಲ್ಲಿ ಅತಿಥಿಗಳ ಕೈ ಊಟದ ಕಡೆಗೆ ಚಾಚುವುದಿಲ್ಲ. ಅದನ್ನು ಕಂಡು ಇಬ್ರಾಹಿಮನಿಗೆ ಅಂಜಿಕೆಯಾಗುತ್ತದೆ. ಬೈಬಲಿನಲ್ಲಿ ಅವರು ಉಣ್ಣುತ್ತಾರೆ. ರೆಂಬ್ರಾಂಟನ ಮುದುಕ ಬಟ್ಟಲನ್ನು ಹಿಡಿದಿದ್ದಾನೆ. ಮೂಲ ಚಿತ್ರದ ಶೇಖರಿಗೆ ಈ ಆತಿಥ್ಯದ ಕಥೆ ಪರದೇಶದ್ದಾಗಿರಲಿಲ್ಲ. ಅವರ ಶಾಸ್ತ್ರದಲ್ಲೇ ಇದ್ದದ್ದು. ರೆಂಬ್ರಾಂಟ್ ಇದನ್ನು ತಿಳಿದು ಮಾಡಿದನೇ ಎಂಬ ಪ್ರಶ್ನೆ ನನಗೆ ಮುಖ್ಯವಲ್ಲ. ಹಳೆಯ ಒಡಂಬಡಿಕೆಯ ಪಿತೃಗಳ ಉಡುಗೆ ತೊಡುಗೆ ಪೂರ್ವ ದೇಶದವರಂತೆ ಇದ್ದಿರಬೇಕೆಂದು ಭಾವಿಸಿ ಅವನು ಈ ಚಿತ್ರಗಳ ಕಡೆ ತಿರುಗಿದನೆಂದು ಹಲವರು ಬರೆದಿದ್ದಾರೆ. ಅದು ಸಂಭಾವ್ಯವೇ. ಆದರೆ ಉಡುಪಿಗಾಗಿ ಮಾತ್ರ ಹೋದವನು ಉಡುಪನ್ನಷ್ಟೇ ತರುತ್ತಿದ್ದ. ರುಮಾಲು, ಷರಾಯಿ, ಕತ್ತಿಗಳ ಪಟ್ಟಿ ಸಾಕಾಗುತ್ತಿತ್ತು. ಇವನು ತಂದದ್ದು ಕುಳಿತಿರುವುದರ ಘನತೆಯನ್ನು. ಸಿಂಹಾಸನವಿಲ್ಲದೆ, ಪ್ರಭಾವಳಿಯಿಲ್ಲದೆ, ನೆಲದ ಮೇಲೆ ಕುಳಿತವನೂ ದೇವರಂತೆ ಕಾಣಬಲ್ಲನೆಂಬುದನ್ನು ಯೂರೋಪಿನ ಅವನ ಸಮಕಾಲೀನರಲ್ಲಿ ಯಾರೂ ಅವನಿಗೆ ತೋರಿಸಿಕೊಡುವ ಸ್ಥಿತಿಯಲ್ಲಿರಲಿಲ್ಲ.

ಇದರ ಎದುರಿಗೆ ಇನ್ನೊಂದು ದೃಶ್ಯವನ್ನು ಇಡುತ್ತೇನೆ. ವಿಯೆನ್ನಾದ ಷೋನ್‌ಬ್ರುನ್ ಅರಮನೆಯಲ್ಲಿ ರಾಣಿ ಮರಿಯಾ ತೆರೇಸಾಳ ಕಾಲದ ಒಂದು ಕೋಣೆಯಿದೆ. ಬೆಲೆಬಾಳುವ ಮರದ ಹಲಗೆಗಳಿಂದ ಗೋಡೆಗಳನ್ನು ಮುಚ್ಚಿ, ಚಿನ್ನದ ಬಣ್ಣದ ಬಳುಕುವ ೬೦ ಚೌಕಟ್ಟುಗಳನ್ನು ಜೋಡಿಸಿ, ಅವುಗಳೊಳಗೆ ಭಾರತದ ಚಿಕಣಿ ಚಿತ್ರಗಳನ್ನು ಕೂರಿಸಿದ್ದಾರೆ. ಚಿತ್ರಗಳ ಆಕಾರ ಚೌಕಟ್ಟುಗಳ ಆಕಾರಕ್ಕೆ ಹೊಂದಲಿಲ್ಲ. ಆದ್ದರಿಂದ ಅವುಗಳನ್ನು ಕತ್ತರಿಸಿದರು. ಒಂದು ಚಿತ್ರದ ತುಂಡನ್ನು ಇನ್ನೊಂದರ ಪಕ್ಕ ಅಂಟಿಸಿ ಹೊಸ ದೃಶ್ಯಗಳನ್ನು ಮಾಡಿದರು. ರಾಜಕುಟುಂಬದವರೇ ಈ ಕತ್ತರಿಸುವ ಅಂಟಿಸುವ ವಿನೋದದಲ್ಲಿ ಪಾಲುಗೊಂಡರಂತೆ. ರೆಂಬ್ರಾಂಟನ ಮರದಡಿಯ ನಾಲ್ವರಿಗೆ ನಿಕಟವಾದ ಮೊಗಲ್ ಚಿತ್ರ ಇಂದು ಉಳಿದಿರುವುದು ಆ ಗೋಡೆಯ ಮೇಲೆ. ಆ ಕೋಣೆ ಕಣ್ಣಿಗೆ ಸೊಗಸೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಿ ಮೂಲದ ಬಣ್ಣವಿದೆ, ಮೂಲದ ಕಾಗದವಿದೆ, ಮೊಗಲ್ ಚಿತ್ರಕಾರನ ಕೈಯೇ ಇದೆ. ಇಷ್ಟಿದ್ದೂ ಆ ಚಿತ್ರಗಳನ್ನು ಯಾರೂ ಓದಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ಹಾಳೆಯಲ್ಲಿ ಬಣ್ಣವಿಲ್ಲ, ಮೂಲದ ಒಂದು ಗೆರೆಯೂ ಇಲ್ಲ, ಓದು ಇದೆ. ಸಂಗ್ರಹಿಸುವುದಕ್ಕೂ ಅರಿಯುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಜೋಡಿ ಸಿಗುವುದು ಕಷ್ಟ. ಪ್ರಾಚ್ಯವಾದದ ಚರ್ಚೆಯನ್ನು ಎತ್ತುವವರು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿದಾಗ ನನಗೆ ಒಪ್ಪಿಗೆಯಾಗುವುದಿಲ್ಲ. ಎರಡಕ್ಕೂ ಹಡಗು ಒಂದೇ ಇದ್ದೀತು. ಇಳಿದ ಮೇಲೆ ನಡೆದ ವ್ಯವಹಾರ ಒಂದೇ ಅಲ್ಲ.

ಹೆಮ್ಮೆಯ ವಾದಿಗಳಿಗೂ ಒಂದು ಮಾತು ಹೇಳಬೇಕು. ಮೊಗಲ್ ಚಿತ್ರಶಾಲೆ ರೆಂಬ್ರಾಂಟನಿಗೆ ಕೊಟ್ಟದ್ದು ಯಾವ ಪರಕೀಯತೆಯ ಸೋಂಕೂ ಇಲ್ಲದ ಶುದ್ಧ ಭಾರತೀಯ ವಸ್ತುವಲ್ಲ. ೧೫೮೦ರಲ್ಲಿ ಜೆಸ್ವಿಟ್ ಪಾದ್ರಿಗಳು ಫತೇಪುರ ಸಿಕ್ರಿಗೆ ಬಂದಾಗ ಆಂಟ್ವರ್ಪಿನಲ್ಲಿ ಅಚ್ಚಾದ ಬಹುಭಾಷಾ ಬೈಬಲನ್ನು ಅಕ್ಬರನಿಗೆ ಒಪ್ಪಿಸಿದರು. ಯೂರೋಪಿನ ಅಚ್ಚುಚಿತ್ರಗಳು ಆಸ್ಥಾನದ ಚಿತ್ರಕಾರರ ಕೈಸೇರಿದವು. ಮುಂದೆ ಜಹಾಂಗೀರನ ನೆಚ್ಚಿನ ಕಲಾವಿದನಾದ ಅಬುಲ್ ಹಸನ್ ಇನ್ನೂ ಹದಿಮೂರರ ಬಾಲಕನಾಗಿದ್ದಾಗ, ೧೬೦೦ರ ಸುಮಾರಿಗೆ, ಜರ್ಮನಿಯ ಡ್ಯೂರರನ ಅಚ್ಚುಚಿತ್ರವೊಂದರಿಂದ ಸಂತ ಯೋಹಾನನ ಆಕೃತಿಯನ್ನು ನಕಲು ಮಾಡಿದ. ಆ ಹಾಳೆ ಇಂದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿದೆ. ಅದು ಸಹ ಕೈಯಿಂದ ಮಾಡಿದ ಓದೇ. ರೆಂಬ್ರಾಂಟ್ ಹಿಂದುಸ್ತಾನವನ್ನು ಓದುವುದಕ್ಕೆ ಅರ್ಧ ಶತಮಾನಕ್ಕೂ ಹಿಂದೆ ಹಿಂದುಸ್ತಾನದ ಹುಡುಗನೊಬ್ಬ ಯೂರೋಪನ್ನು ಓದಿದ್ದ. ಬಿಜಾಪುರದ ವಿಷಯ ನಮಗೆ ಇನ್ನೂ ಹತ್ತಿರದ್ದು. ಹಾರ್ಲೆಮ್ ನಗರದ ಚಿತ್ರಕಾರ ಕಾರ್ನೆಲಿಸ್ ಹೇಡಾ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಹತ್ತು ವರ್ಷಕ್ಕೂ ಮಿಗಿಲಾಗಿ ಇದ್ದು ೧೬೨೨ರಲ್ಲಿ ಅಲ್ಲಿಯೇ ತೀರಿಕೊಂಡ. ಸರಸ್ವತಿ ಗಣಪತಿಯರನ್ನು ಸ್ತುತಿಸಿ ‘ಕಿತಾಬ್-ಎ-ನೌರಸ್’ ರಚಿಸಿದ ಆ ಸುಲ್ತಾನನ ಎದುರು ಕುಳಿತು ಒಬ್ಬ ಡಚ್ಚ ಚಿತ್ರ ಬರೆದನೆಂಬ ಸಂಗತಿ ನಮ್ಮ ಸಾಂಸ್ಕೃತಿಕ ಚರಿತ್ರೆಯ ಪುಸ್ತಕಗಳಲ್ಲಿ ಒಂದು ಸಾಲಿಗಿಂತ ಹೆಚ್ಚಿಗೆ ದೊರೆಯುವುದು ಅಪರೂಪ. ಇಷ್ಟೆಲ್ಲ ಕೊಡುಕೊಳೆಗಳ ನಡುವೆ ನಿಂತು ‘ಅವರು ನಮ್ಮಿಂದ ಕಲಿತರು’ ಎಂಬ ಒಂದೇ ವಾಕ್ಯಕ್ಕೆ ಅಂಟಿಕೊಳ್ಳುವುದು ಹೆಮ್ಮೆಯೂ ಅಲ್ಲ.

ಕನ್ನಡದ ಓದುಗನಿಗೆ ಇದೆಲ್ಲ ಅಪರಿಚಿತವಾದ ತರ್ಕವಾಗಬಾರದು. ನಮಗೆ ಉಪಲಬ್ಧವಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವೇ ದಂಡಿಯ ‘ಕಾವ್ಯಾದರ್ಶ’ವನ್ನು ಎದುರಿಗಿಟ್ಟುಕೊಂಡು ಬರೆದದ್ದು. ಅದು ದಂಡಿಗೆ ಎಷ್ಟು ಋಣಿ ಎಂದು ಲೆಕ್ಕ ಹಾಕಿದ ಲೇಖನಗಳಿವೆ. ಕನ್ನಡವೆಂಬ ನಾಡನ್ನೂ ಜನರ ನುಡಿಯ ಬಗೆಗಳನ್ನೂ ಕುರಿತು ಅದು ಆಡಿದ ಮಾತುಗಳು ದಂಡಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲವೆಂಬುದನ್ನು ಅರಿತ ಮೇಲೆ ಆ ಲೆಕ್ಕ ಯಾವುದನ್ನೂ ಬಿಡಿಸುವುದಿಲ್ಲ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಪಾಠಮಾಡುವಾಗ ಮೂಲ ಕವಿಯ ಹೆಸರನ್ನು ಹೇಳಿ ಮುಂದಕ್ಕೆ ಹೋಗುವುದು ನಮ್ಮ ತರಗತಿಗಳ ಕ್ರಮ. ಯಾವುದನ್ನು ಬಿಟ್ಟರು, ಯಾವ ಛಂದಸ್ಸನ್ನು ಮುರಿದರು, ಕನ್ನಡದ ಕೈ ಯಾವ ಸಾಲಿನಲ್ಲಿ ತನ್ನ ಅಭ್ಯಾಸವನ್ನು ಪಕ್ಕಕ್ಕಿಟ್ಟಿತು ಎಂದು ಕೇಳುವವರು ಕಡಮೆ. ಕೇಳಬೇಕಾದ ಪ್ರಶ್ನೆಗಳು ಅವೇ. ಋಣದ ಪಟ್ಟಿ ೧೬೫೬ರ ಆ ಜಪ್ತಿಯ ಪಟ್ಟಿಯ ಹಾಗೆ: ಮನೆಯಲ್ಲಿ ಏನೇನಿತ್ತೆಂದು ಅದು ಹೇಳುತ್ತದೆ, ಅದರಿಂದ ಒಡೆಯ ಏನು ಮಾಡಿದನೆಂದು ಹೇಳುವುದಿಲ್ಲ.

ಆಕ್ಷೇಪವೊಂದು ಬರಬಹುದು. ಮೂಲ ಚಿತ್ರಕಾರನ ಹೆಸರು ಈ ಚರ್ಚೆಯಲ್ಲೆಲ್ಲ ಎಲ್ಲಿಯೂ ಬರಲಿಲ್ಲ. ರೆಂಬ್ರಾಂಟನ ಓದನ್ನು ಹೊಗಳುತ್ತ ನಾವು ಆ ಹಿಂದುಸ್ತಾನಿ ಕುಶಲಿಯನ್ನು ಮತ್ತೊಮ್ಮೆ ಮರೆತೆವೆಂದು. ಈ ಆಕ್ಷೇಪದಲ್ಲಿ 

ಸತ್ಯವಿದೆ, ತೂಕವೂ ಇದೆ. ಒಬ್ಬನ ಪ್ರತಿ ಕೊಠಡಿಯ ಪಟ್ಟಿಯೂ ದಾಖಲೆಯಾಗಿ ಉಳಿದಿದ್ದರೆ, ಇನ್ನೊಬ್ಬನದು ಗೋಡೆಯ ಚೌಕಟ್ಟಿನೊಳಗೆ ಅನಾಮಿಕವಾಗಿ ಸೇರಿಹೋಗಿದೆ. ಚರಿತ್ರೆಯ ಈ ಅನ್ಯಾಯವನ್ನು ರೆಂಬ್ರಾಂಟನ ಮೇಲೆ ಹೊರಿಸುವಂತಿಲ್ಲ. ಆದರೆ ಅವನನ್ನು ಓದುವ ನಾವು ಮೂಲವನ್ನು ಕೇವಲ ‘ಆಕರ’ವೆಂದು ಕರೆದು ಅಡಿಟಿಪ್ಪಣಿಗೆ ಇಳಿಸಿದರೆ ಹೊಣೆ ನಮ್ಮದಾಗುತ್ತದೆ. ಮೊಗಲ್ ಚಿತ್ರಕಾರ ನಾಲ್ವರನ್ನು ಸಮಾನರಾಗಿ ಕೂರಿಸಿದ್ದು ಅವನದೇ ಒಂದು ನಿಲುವು. ರೆಂಬ್ರಾಂಟ್ ಅದನ್ನು ಮುರಿದದ್ದು ಇನ್ನೊಂದು. ಎರಡನ್ನೂ ಎದುರುಬದುರು ಇಟ್ಟು ನೋಡದೆ ಒಂದೂ ತಿಳಿಯುವುದಿಲ್ಲ.

ಹಾಗೆ ಇಟ್ಟು ನೋಡಲು ನಮ್ಮ ವಿದ್ಯಾರ್ಥಿಗಳು ಲಂಡನ್ನಿಗೋ ವಿಯೆನ್ನಾಕ್ಕೋ ಹೋಗಬೇಕಾಗಿಲ್ಲ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಮೊಗಲ್ ಮತ್ತು ದಖನಿ ಚಿಕಣಿ ಚಿತ್ರಗಳಿವೆ, ಅದೇ ಕಟ್ಟಡದಲ್ಲಿ ಟಾಟಾ ಮನೆತನದವರು ಕೂಡಿಸಿದ ಯೂರೋಪಿನ ತೈಲಚಿತ್ರಗಳೂ ಇವೆ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲೂ ಹಾಗೆಯೇ. ರೆಂಬ್ರಾಂಟನ ರೇಖಾಚಿತ್ರ ಮತ್ತು ಎಚ್ಚಿಂಗುಗಳ ಒಳ್ಳೆಯ ಪ್ರತಿಕೃತಿಗಳು ಇಂದು ಸುಲಭವಾಗಿ ದೊರೆಯುತ್ತವೆ. ತೌಲನಿಕ ಅಧ್ಯಯನದ ಪತ್ರಿಕೆಯನ್ನು ಬೋಧಿಸುವವರು ವರ್ಷದ ಮೊದಲ ವಾರದಲ್ಲಿ ಸಿದ್ಧಾಂತದ ಪುಸ್ತಕಗಳನ್ನು ತೆರೆಯುವ ಮೊದಲು ವಿದ್ಯಾರ್ಥಿಗಳ ಕೈಗೆ ಈ ಎರಡು ಚಿತ್ರಗಳನ್ನು ಕೊಟ್ಟು, ಏನೇನು ಉಳಿದಿದೆ ಎಂಬುದರ ಬದಲು ಏನೇನು ಇಲ್ಲವಾಗಿದೆ, ಏನು ಹೊಸದಾಗಿ ಬಂದಿದೆ ಎಂದು ಬರೆಯಹೇಳಬೇಕೆಂಬುದು ನನ್ನ ಸೂಚನೆ. ಹಾಸು, ಬಟ್ಟಲು, ಗಡ್ಡಗಳನ್ನು ಎಲ್ಲರೂ ಗುರುತಿಸುತ್ತಾರೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರುವ ಆ ಹೆಂಗಸಿನ ಮುಖವನ್ನು ಯಾರು ಮೊದಲು ಬರೆಯುತ್ತಾರೆಂದು ನೋಡಬೇಕು. ಮರದಡಿಯ ಶೇಖರ ಚಿತ್ರದಲ್ಲಿ ಅವಳಿಗೆ ಬಾಗಿಲೇ ಇರಲಿಲ್ಲ.